ಗುಲಾಮಗಿರಿಯೋ, ರಾಜ್ಯಗಳ ಹಕ್ಕೋ: ಅಮೆರಿಕದ ಅಂತರ್ಯುದ್ಧಕ್ಕೆ ಕಾರಣ ಹುಡುಕಿದವರು

1861ರ ಜನವರಿಯಲ್ಲಿ ಒಕ್ಕೂಟದಿಂದ ಹೊರಬಿದ್ದ ಮಿಸಿಸಿಪ್ಪಿ ರಾಜ್ಯ, ಹೊರಬಿದ್ದದ್ದೇಕೆ ಎಂಬುದನ್ನೂ ಬರೆದು ಪ್ರಕಟಿಸಿತು. ಗುಲಾಮಗಿರಿಯ ಜೊತೆ ತನ್ನ ಅಳಿವು ಉಳಿವು ಬೆಸೆದುಕೊಂಡಿದೆ ಎಂದು ಶುರುವಿನಲ್ಲೇ ಹೇಳಿತು. ಮಾರ್ಚ್ 21ರಂದು ಸವಾನಾ ನಗರದಲ್ಲಿ ಭಾಷಣ ಮಾಡಿದ ಹೊರಬಿದ್ದ ದಕ್ಷಿಣ ರಾಜ್ಯಗಳ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪು ಜನ ಬಿಳಿಯರಿಗೆ ಸಮರಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದು ಸಾರಿದ. ಇಷ್ಟಾದ ಮೇಲೂ ಯುದ್ಧದ ಕಾರಣದ ಬಗ್ಗೆ ಒಂದೂವರೆ ಶತಮಾನ ವಾದ ನಡೆದಿದೆ.

ವಾದ ಹುಟ್ಟುಹಾಕಿದವರಲ್ಲಿ ಅದೇ ಸ್ಟೀಫನ್ಸ್ ಮುಂಚೂಣಿಯಲ್ಲಿದ್ದ. ಯುದ್ಧ ಸೋತ ಮೇಲೆ, 1868ರಲ್ಲಿ ಬಂದ ತನ್ನ ಗ್ರಂಥದಲ್ಲಿ ಆತ ಜಗಳವಿದ್ದದ್ದು ಕೇಂದ್ರದ ಅಧಿಕಾರವೆಷ್ಟು, ರಾಜ್ಯಗಳ ಹಕ್ಕೆಷ್ಟು ಎಂಬುದರ ಮೇಲೆ ಎಂದು ಬರೆದ. ಯುದ್ಧಕಾಲದಲ್ಲಿ ದಕ್ಷಿಣದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಕೂಡ 1881ರಲ್ಲಿ ಅದೇ ರಾಗ ಹಾಡಿದ. ದಕ್ಷಿಣದ ಶಾಲಾಪಠ್ಯಗಳಿಗೆ ಇಳಿದದ್ದು ಈ ಕಥೆಯೇ.

ಇದನ್ನು ಒರೆಗೆ ಹಚ್ಚಲು 1850ರ ಪರಾರಿ ಗುಲಾಮರ ಕಾಯ್ದೆಯೊಂದೇ ಸಾಕು. ಉತ್ತರಕ್ಕೆ ಓಡಿಬಂದವರನ್ನು ಹಿಡಿದು ಒಡೆಯನಿಗೆ ಒಪ್ಪಿಸುವ ಕೆಲಸಕ್ಕೆ ಅದು ಕೇಂದ್ರದ ಅಧಿಕಾರಿಗಳನ್ನೇ ನಿಲ್ಲಿಸಿತು. ಸಿಕ್ಕಿಬಿದ್ದವನಿಗೆ ಜ್ಯೂರಿ ವಿಚಾರಣೆಯಿಲ್ಲ, ತನ್ನ ಪರವಾಗಿ ಸಾಕ್ಷಿ ನುಡಿಯುವ ಅವಕಾಶವೂ ಇಲ್ಲ. ಒಡೆಯನಿಗೆ ಒಪ್ಪಿಸಿ ಎಂದು ತೀರ್ಪಿತ್ತರೆ ಕಮಿಷನರ್‌ಗೆ 10 ಡಾಲರ್ ಶುಲ್ಕ, ಬಿಟ್ಟುಬಿಡಿ ಎಂದರೆ 5 ಡಾಲರ್! ಉತ್ತರದ ಹಲವು ರಾಜ್ಯಗಳು ಇದಕ್ಕೆ ಅಡ್ಡಲಾಗಿ ತಮ್ಮದೇ ಕಾನೂನು ಮಾಡಿಕೊಂಡವು. ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ ಅಂತೂ ಈ ಕಾಯ್ದೆ ಸಂವಿಧಾನಬಾಹಿರ ಎಂದೇ ಹೇಳಿತು. ಅಲ್ಲಿಗೆ ರಾಜ್ಯದ ಹಕ್ಕನ್ನು ಎತ್ತಿಹಿಡಿದದ್ದು ಉತ್ತರ, ಕೇಂದ್ರದ ಬಲ ಬೇಡಿದ್ದು ದಕ್ಷಿಣ. 1860ರ ಡಿಸೆಂಬರ್‌ನಲ್ಲಿ ಎಲ್ಲರಿಗಿಂತ ಮೊದಲು ಹೊರನಡೆದ ಸೌತ್ ಕ್ಯಾರೊಲಿನಾ ಪಟ್ಟಿ ಮಾಡಿದ ದೂರುಗಳಲ್ಲಿ ಉತ್ತರದ ಈ ಅವಿಧೇಯತೆಯೇ ದೊಡ್ಡದು.

ಇನ್ನು ಇತಿಹಾಸಕಾರರ ಸರದಿ. 1893ರಿಂದ ಅಮೆರಿಕದ ಇತಿಹಾಸದ ಸಂಪುಟಗಳನ್ನು ಹೊರತಂದ ಜೇಮ್ಸ್ ಫೋರ್ಡ್ ರೋಡ್ಸ್ ಗುಲಾಮಗಿರಿಯೇ ಕಾರಣ ಎಂದರು. ಆದರೆ ಕಪ್ಪು ಜನರ ಬಗ್ಗೆ ಅವರಿಗೂ ಗೌರವವಿರಲಿಲ್ಲ. 1927ರಲ್ಲಿ ಚಾರ್ಲ್ಸ್ ಮತ್ತು ಮೇರಿ ಬಿಯರ್ಡ್ ದಂಪತಿ ಇದು ತೋಟಗಳ ಜಮೀನ್ದಾರರಿಗೂ ಕಾರ್ಖಾನೆ ಬಂಡವಾಳಕ್ಕೂ ನಡೆದ ಕಾಳಗ ಎಂದರು. ಹತ್ತಿಯ ದುಡ್ಡಿನಲ್ಲಿ ಕೊಬ್ಬಿದ ನ್ಯೂಯಾರ್ಕಿನ ವರ್ತಕರು ಕೊನೆಯವರೆಗೂ ರಾಜಿಗೆ ಹಾತೊರೆದದ್ದು ಈ ಚಿತ್ರದಲ್ಲಿ ಕೂರುವುದಿಲ್ಲ. ಮೊದಲ ಮಹಾಯುದ್ಧದ ಭ್ರಮನಿರಸನದ ನೆರಳಲ್ಲಿ ಬರೆದ ಜೇಮ್ಸ್ ರ್‍ಯಾಂಡಲ್, ಏವರಿ ಕ್ರೇವನ್ ಅವರಿಗೆ ಇದು ಎಡವಟ್ಟು ರಾಜಕಾರಣಿಗಳೂ ಉಗ್ರವಾದಿಗಳೂ ಸೇರಿ ತಂದ, ತಪ್ಪಿಸಬಹುದಾಗಿದ್ದ ಯುದ್ಧ. ತಪ್ಪಿಸಿದ್ದರೆ ಬಂಧನದಲ್ಲೇ ಉಳಿಯುತ್ತಿದ್ದ ಸುಮಾರು 40 ಲಕ್ಷ ಜನರ ಲೆಕ್ಕ ಅವರ ಪುಸ್ತಕಗಳಲ್ಲಿ ತೀರಾ ಹಗುರ.

ಆ ಲೆಕ್ಕ ಹಿಡಿದವರು ಕಪ್ಪು ಇತಿಹಾಸಕಾರ ಡು ಬೋಯಿಸ್. ಗುಲಾಮರು ತೋಟಗಳ ದುಡಿಮೆ ಬಿಟ್ಟು ಉತ್ತರದ ಸೈನ್ಯದತ್ತ ನಡೆದದ್ದನ್ನು ಅವರು 1935ರಲ್ಲೇ ಸಾರ್ವತ್ರಿಕ ಮುಷ್ಕರ ಎಂದು ಕರೆದರು. ಅಮೆರಿಕದ ಇತಿಹಾಸಕಾರರ ಮುಖ್ಯ ಪತ್ರಿಕೆ ಆ ಪುಸ್ತಕಕ್ಕೆ ವಿಮರ್ಶೆಯನ್ನೂ ಬರೆಸಲಿಲ್ಲ. ನಾಗರಿಕ ಹಕ್ಕುಗಳ ಚಳವಳಿ ಬಲಗೊಳ್ಳುತ್ತಿದ್ದಂತೆ ಗಾಳಿ ತಿರುಗಿತು. 1956ರಲ್ಲಿ ಕೆನೆತ್ ಸ್ಟ್ಯಾಂಪ್, ಗುಲಾಮರು ತೋಟದಲ್ಲಿ ಸುಖವಾಗಿದ್ದರೆಂಬ ಹಳೆಯ ಕಥೆಯನ್ನು ಅಡಿಯಿಂದಲೇ ಅಲುಗಾಡಿಸಿದರು.

ಆಮೇಲೆ ಪ್ರಶ್ನೆಯೇ ಬದಲಾಯಿತು. ಗುಲಾಮಗಿರಿ 1787ರ ಸಂವಿಧಾನದಲ್ಲೇ ಇತ್ತು. ಎಪ್ಪತ್ತು ವರ್ಷ ಅದನ್ನು ನುಂಗಿಕೊಂಡ ರಾಜಕೀಯಕ್ಕೆ 1850ರ ದಶಕದಲ್ಲಿ ಏಕೆ ಅರಗಲಿಲ್ಲ? ಗುಲಾಮಗಿರಿ ಉತ್ತರಕ್ಕೆ ಹಬ್ಬದಂತೆ 1820ರ ಮಿಸ್ಸೂರಿ ಒಪ್ಪಂದ ಎಳೆದಿದ್ದ ಗೆರೆಯನ್ನು 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಅಳಿಸಿತು. ಪಶ್ಚಿಮದ ಹೊಸ ನೆಲ ಯಾರದೆಂಬ ಜಗಳಕ್ಕೆ ರಕ್ತವೂ ಹರಿಯಿತು. ಆ ನೆಲ ಸ್ವತಂತ್ರ ದುಡಿಮೆಗಾರನಿಗೆ ಉಳಿಯಬೇಕೆಂಬ ಛಲವೇ ರಿಪಬ್ಲಿಕನ್ ಪಕ್ಷದ ಜೀವಾಳ ಎಂದು ಎರಿಕ್ ಫೋನರ್ 1970ರಲ್ಲಿ ವಾದಿಸಿದರು. 1978ರಲ್ಲಿ ಮೈಕೆಲ್ ಹೋಲ್ಟ್ ಬೇರೆ ದಿಕ್ಕು ಹಿಡಿದರು: ಉತ್ತರ ದಕ್ಷಿಣ ಎರಡನ್ನೂ ಒಂದೇ ಸೂರಿನಡಿ ಇಟ್ಟಿದ್ದ ವಿಗ್ ಪಕ್ಷ ಕುಸಿದದ್ದರಿಂದ, ಜಗಳವನ್ನು ಚುನಾವಣೆಯೊಳಗೇ ಅಡಗಿಸುವ ದಾರಿ ಮುಚ್ಚಿತು. ಪಕ್ಷಗಳು ಹೇಗೆ ಸಾಯುತ್ತವೆ ಎಂಬುದಕ್ಕೆ ಹೋಲ್ಟ್ ಅವರನ್ನು ಓದಬೇಕು. ಆದರೆ ವಿಗ್ ಪಕ್ಷವನ್ನು ಸೀಳಿದ್ದು ಯಾವುದು ಎಂದು ಕೇಳಿದರೆ ಫೋನರ್ ಅವರ ಮಾತಿಗೇ ತೂಕ.

ದಾಖಲೆಗಳೂ ಮತ್ತೆ ಮಾತಾಡತೊಡಗಿದವು. ದಕ್ಷಿಣದ ಮನೆತನದವರೇ ಆದ ಚಾರ್ಲ್ಸ್ ಡ್ಯೂ, ಒಕ್ಕೂಟ ಬಿಡುವಂತೆ ದಕ್ಷಿಣದ ಉಳಿದ ರಾಜ್ಯಗಳನ್ನು ಒಲಿಸಲು ಹೋದ ದೂತರ ಭಾಷಣ, ಪತ್ರಗಳನ್ನು 2001ರಲ್ಲಿ ಹರಡಿ ತೋರಿಸಿದರು. ಅಲ್ಲಿ ತುಂಬಿರುವುದು ಜನಾಂಗದ ಭಯ. ಭಾರತದಲ್ಲಿ ಹುಟ್ಟಿದ ಮನಿಶಾ ಸಿನ್ಹಾ 2016ರಲ್ಲಿ, ಗುಲಾಮಗಿರಿ ವಿರೋಧಿ ಚಳವಳಿಯ ಕೇಂದ್ರದಲ್ಲಿ ಕಪ್ಪು ಜನರನ್ನೇ, ಓಡಿಬಂದವರನ್ನೇ ನಿಲ್ಲಿಸಿದರು. 1830ರಿಂದ 1860ರವರೆಗೆ ಸಂಸತ್ತಿನ ಸದಸ್ಯರ ನಡುವೆ ನಡೆದ ಎಪ್ಪತ್ತಕ್ಕೂ ಹೆಚ್ಚು ಹೊಡೆದಾಟ, ಬೆದರಿಕೆಗಳನ್ನು ಜೋಆನ್ ಫ್ರೀಮನ್ 2018ರಲ್ಲಿ ಹೊರಗೆಳೆದರು. 1856ರಲ್ಲಿ ದಕ್ಷಿಣದ ಸದಸ್ಯ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಸಭಾಂಗಣದಲ್ಲೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್‌ನನ್ನು ಬೆತ್ತದಿಂದ ಬಡಿದದ್ದು ಒಂಟಿ ಘಟನೆಯಲ್ಲ.

ಈಗಿನ ಬಿಸಿ ಚರ್ಚೆ ಜೇಮ್ಸ್ ಓಕ್ಸ್ ಅವರ ಸುತ್ತ. ಗುಲಾಮಗಿರಿಯನ್ನು ಸ್ವತಂತ್ರ ರಾಜ್ಯಗಳಿಂದ ಸುತ್ತುವರಿದು ತಾನಾಗಿ ಸಾಯುವಂತೆ ಮಾಡುವುದು ಅಧ್ಯಕ್ಷ ಲಿಂಕನ್ ಅವರ ರಿಪಬ್ಲಿಕನ್ ಪಕ್ಷದ ಯೋಜನೆಯಾಗಿತ್ತು ಎಂಬುದು ಅವರ 2014ರ ಪುಸ್ತಕದ ವಾದ. ಹಾಗಿದ್ದರೆ ಸೌತ್ ಕ್ಯಾರೊಲಿನಾದ ಭಯ ರ್‍ಯಾಂಡಲ್ ಹೇಳಿದಂಥ ಉನ್ಮಾದವಲ್ಲ, ನೆಟ್ಟಗಿನ ಲೆಕ್ಕಾಚಾರ. ಒಪ್ಪದವರು ತೋರಿಸುವುದು ಲಿಂಕನ್‌ನ ಮೊದಲ ಪ್ರಮಾಣವಚನ ಭಾಷಣವನ್ನು: ಈಗಾಗಲೇ ಗುಲಾಮಗಿರಿ ಇರುವ ರಾಜ್ಯಗಳ ತಂಟೆಗೆ ಬರುವುದಿಲ್ಲ ಎಂದು ಆತ 1861ರ ಮಾರ್ಚ್ 4ರಂದು ಮಾತುಕೊಟ್ಟಿದ್ದ.