ಸಿಡಿಲು ಕಲಿಸಿದ ಪಾಠ

ಮದ್ದಿನ ಮನೆಗೆ ಸಿಡಿಲು ಬಡಿದರೆ ಗತಿಯೇನು? ಇಂಗ್ಲೆಂಡಿನ ಪರ್‌ಫ್ಲೀಟ್‌ನ ಸರಕಾರೀ ಮದ್ದಿನ ಉಗ್ರಾಣಗಳ ವಿಷಯದಲ್ಲಿ ೧೭೭೨ರಲ್ಲಿ ಈ ಪ್ರಶ್ನೆ ಎದ್ದಿತು. ಫ್ರಾಂಕ್ಲಿನ್, ಕ್ಯಾವೆಂಡಿಷ್ ಮೊದಲಾದವರಿದ್ದ ರಾಯಲ್ ಸೊಸೈಟಿಯ ಸಮಿತಿ ಮೊನಚು ತುದಿಯ ಸಲಾಕೆಗಳನ್ನು ನಿಲ್ಲಿಸಲು ಹೇಳಿತು. ಸದಸ್ಯರಲ್ಲಿ ಬೆಂಜಮಿನ್ ವಿಲ್ಸನ್ ಒಬ್ಬರು ಮಾತ್ರ ತುದಿ ಮೊಂಡಾಗಿರಲೆಂದು ಹಟ ಹಿಡಿದರು.

೧೭೭೭ರ ಮೇ ೧೫ರಂದು ಅಲ್ಲಿಯ ‘ಬೋರ್ಡ್ ಹೌಸ್’ ಕಟ್ಟಡಕ್ಕೆ ಸಿಡಿಲು ಬಡಿದೇ ಬಡಿಯಿತು. ಬಡಿದದ್ದು ಸಲಾಕೆಗಲ್ಲ, ಮಾಡಿನಂಚಿನ ಗೋಡೆಯ ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗೆ. ಕೊಂಡಿಗೂ ಕೆಳಗಿನ ಸೀಸದ ತಗಡಿಗೂ ನಡುವೆ ತುಸುವೇ ಅಂತರ. ಅದನ್ನು ಹಾರುವಾಗ ಸಿಡಿಲು ಇಟ್ಟಿಗೆ, ಕಲ್ಲುಗಳನ್ನು ಕಿತ್ತೆಸೆಯಿತು. ಪುಣ್ಯಕ್ಕೆ ಮದ್ದಿಗೆ ಕಿಡಿ ತಾಗಲಿಲ್ಲ.

ಮೊನಚೋ ಮೊಂಡೋ ಎಂಬ ಜಗಳ ಅರಮನೆಯನ್ನೇ ಮುಟ್ಟಿತು. ಮೂರನೆಯ ಜಾರ್ಜ್ ದೊರೆ ಮೊಂಡಿನ ಪಕ್ಷ ಹಿಡಿದರು. ಆದರೆ ಕೊಂಡಿ ಹೇಳಿದ ಪಾಠವೇ ಬೇರೆ. ಕಟ್ಟಡದ ಲೋಹಭಾಗಗಳೆಲ್ಲ ಒಂದಕ್ಕೊಂದು ಕೂಡಿ ನೆಲ ಮುಟ್ಟಿದ್ದರೆ ಅವುಗಳ ನಡುವೆ ಕಿಡಿ ಹಾರುವಷ್ಟು ವಿದ್ಯುದೊತ್ತಡ ಏಳದು. ಇಂದು ಉಕ್ಕಿನ ಕಂಬ, ತೊಲೆಗಳನ್ನು ಬೆಸೆದು ಭೂಮಿಗೆ ಜೋಡಿಸುವುದೂ ಇದೇ ತತ್ತ್ವದ ಮೇಲೆ.