ದೀರ್ಘಾವಧಿ ವಸತಿ ಚಿಕಿತ್ಸೆ

ಮದ್ಯ ಅಥವಾ ಮಾದಕ ವಸ್ತುಗಳ ಚಟಕ್ಕೆ ಸಿಲುಕಿದವರನ್ನು ಮನೆ, ಕೆಲಸ ಮತ್ತು ಹಳೆಯ ಸಹವಾಸಗಳಿಂದ ದೂರವಿರಿಸಿ, ಸಾಮಾನ್ಯವಾಗಿ ಮೂರು ತಿಂಗಳಿಂದ ಒಂದು ವರ್ಷದವರೆಗೆ ಚಿಕಿತ್ಸಾ ಕೇಂದ್ರದಲ್ಲಿಯೇ ಉಳಿಸಿಕೊಂಡು ನೀಡುವ ಉಪಚಾರಕ್ಕೆ ದೀರ್ಘಾವಧಿ ವಸತಿ ಚಿಕಿತ್ಸೆ ಎಂದು ಹೆಸರು. ವ್ಯಸನದ ವಸ್ತುವನ್ನು ನಿಲ್ಲಿಸಿದಾಗ ಉಂಟಾಗುವ ದೈಹಿಕ ತೊಂದರೆಗಳನ್ನು ಔಷಧಿಗಳಿಂದ ಶಮನಗೊಳಿಸುವ ನಿರ್ವಿಷೀಕರಣವು ಇದರ ಮೊದಲ ಮೆಟ್ಟಿಲು ಮಾತ್ರ. ಅದನ್ನೇ ಪೂರ್ಣ ಚಿಕಿತ್ಸೆಯೆಂದು ಕುಟುಂಬದವರು ಭಾವಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳಿವಳಿಕೆ.

ಮದ್ಯ ಬಿಟ್ಟವರಲ್ಲಿ ಕೈನಡುಕ, ಬೆವರು, ನಿದ್ರಾಹೀನತೆಗಳು ಮೊದಲ ದಿನವೇ ಕಾಣಿಸಿಕೊಳ್ಳುತ್ತವೆ. ಸನ್ನಿ ಹಿಡಿಯುವ ಅಪಾಯ ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಹೆಚ್ಚಾಗಿದ್ದು, ಸುಮಾರು ಒಂದು ವಾರದಲ್ಲಿ ದೇಹ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಆದರೆ ಸಿಡುಕು, ಕೆಟ್ಟ ನಿದ್ರೆ ಮತ್ತು ಕುಡಿಯಬೇಕೆಂಬ ತೀವ್ರ ತುಡಿತ ತಿಂಗಳುಗಟ್ಟಲೆ ಉಳಿಯಬಲ್ಲವು. ನೋರಾ ವೋಲ್ಕೋ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಥಾಂಫೆಟಮಿನ್ ಸೇವನೆಯಿಂದ ಕುಗ್ಗಿದ್ದ ಮಿದುಳಿನ ಡೋಪಮಿನ್ ವಾಹಕಗಳು, ಅಂದರೆ ಸುಖಾನುಭವಕ್ಕೆ ಸಂಬಂಧಿಸಿದ ರಾಸಾಯನಿಕವನ್ನು ನರಕೋಶಗಳಿಗೆ ಮರಳಿ ಒಯ್ಯುವ ಪ್ರೋಟೀನುಗಳು, ಒಂದು ವರ್ಷಕ್ಕೂ ಮಿಕ್ಕಿದ ವರ್ಜನೆಯ ನಂತರ ಗಣನೀಯವಾಗಿ ಚೇತರಿಸಿಕೊಂಡದ್ದು ಕಂಡುಬಂದಿತು. ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಮಾತ್ರ ಅದಕ್ಕೆ ತಕ್ಕ ಸುಧಾರಣೆ ಕಾಣಲಿಲ್ಲ. ಅದಕ್ಕೂ ಮೊದಲು, 1971ರಲ್ಲಿ, ಹಂಟ್ ಮತ್ತು ಸಹೋದ್ಯೋಗಿಗಳು ಮದ್ಯ, ಹೆರಾಯಿನ್ ಮತ್ತು ತಂಬಾಕು ಬಿಟ್ಟವರ ದಾಖಲೆಗಳನ್ನು ಹೋಲಿಸಿ, ಮೂರರಲ್ಲಿಯೂ ಸುಮಾರು ಮೂರನೆಯ ಎರಡರಷ್ಟು ಜನ ಮೊದಲ ಮೂರು ತಿಂಗಳಲ್ಲೇ ಹಳೆಯ ಚಟಕ್ಕೆ ಮರಳುವುದನ್ನು ತೋರಿಸಿದ್ದರು. ದೀರ್ಘ ವಾಸ್ತವ್ಯದ ಪರವಾದ ವಾದವೆಲ್ಲ ನಿಂತಿರುವುದು ಈ ಮೂರು ತಿಂಗಳ ಅಪಾಯಕಾಲವನ್ನು ರಕ್ಷಣೆಯ ನೆರಳಿನಲ್ಲಿ ದಾಟಿಸಬೇಕೆಂಬ ತಿಳಿವಿನ ಮೇಲೆ.

ಈ ಪದ್ಧತಿಯ ಇತಿಹಾಸ ನೇರವಾದುದಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿನಲ್ಲಿ 1935ರಲ್ಲಿ ತೆರೆದ ಸರ್ಕಾರಿ ಸಂಸ್ಥೆಯಲ್ಲಿ ರೋಗಿಗಳು ತಿಂಗಳುಗಟ್ಟಲೆ ಇದ್ದು ಹೊಲಗೆಲಸ ಮಾಡುತ್ತಿದ್ದರೂ ಹೊರಬಂದ ಬಹುಪಾಲು ಜನ ಮತ್ತೆ ಮಾದಕ ವಸ್ತು ಹಿಡಿದರು. ಅಲ್ಲಿಂದ ಹೊರಬಂದ ನ್ಯೂಯಾರ್ಕಿನವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಭ್ಯಾಸ ಮಾಡಿದ ಜಾರ್ಜ್ ವೇಲಂಟ್, ಬಿಡುಗಡೆಯ ನಂತರ ಊರಿನಲ್ಲಿಯೇ ಕಡ್ಡಾಯ ಮೇಲ್ವಿಚಾರಣೆಗೆ ಒಳಗಾದವರು ಹೆಚ್ಚು ಕಾಲ ವ್ಯಸನದಿಂದ ದೂರ ಉಳಿದುದನ್ನು ಗುರುತಿಸಿದರು. 1958ರಲ್ಲಿ ಚಾರ್ಲ್ಸ್ ಡೆಡೆರಿಕ್ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿಸಿದ ಸಿನನಾನ್ ಚಿಕಿತ್ಸಕ ಸಮುದಾಯವೆಂಬ ಮಾದರಿಗೆ ದಾರಿ ತೆರೆಯಿತು. ಈ ಮಾದರಿಯಲ್ಲಿ ವೈದ್ಯರಿಗಿಂತ ಸಹನಿವಾಸಿಗಳ ಪಾತ್ರ ದೊಡ್ಡದು. ಹೊಸಬರು ಕಸ ಗುಡಿಸುವುದು, ಅಡುಗೆಗೆ ನೆರವಾಗುವುದು ಮೊದಲಾದ ಕೆಲಸಗಳಿಂದ ಆರಂಭಿಸಿ, ನಡತೆ ಸುಧಾರಿಸಿದಂತೆ ಜವಾಬ್ದಾರಿಯ ಸ್ಥಾನಗಳಿಗೆ ಏರುತ್ತಾರೆ. ಸಿನನಾನ್ ಮುಂದೆ ಹಿಂಸೆಗಿಳಿದ ಪಂಥವಾಗಿ ಕೆಟ್ಟುಹೋದರೂ, ನ್ಯೂಯಾರ್ಕಿನ ಡೇಟಾಪ್ (1963) ಮತ್ತು ಫೀನಿಕ್ಸ್ ಹೌಸ್ (1967) ಅದರ ಸಾರವನ್ನು ಉಳಿಸಿಕೊಂಡವು. ಇದಕ್ಕೆ ಪ್ರತಿಯಾಗಿ ಮಿನ್ನೆಸೋಟ ರಾಜ್ಯದಲ್ಲಿ ಬೆಳೆದ ಪದ್ಧತಿ 28 ದಿನಗಳ ವಾಸ್ತವ್ಯವನ್ನು ರೂಢಿಗೆ ತಂದಿತು. ಈ ಸಂಖ್ಯೆ ಗಟ್ಟಿಯಾಗಿ ಉಳಿದುದಕ್ಕೆ ಸಂಶೋಧನೆಗಿಂತ ವಿಮಾ ಕಂಪನಿಗಳ ಲೆಕ್ಕಾಚಾರವೇ ಹೆಚ್ಚು ಕಾರಣ.

ಅಮೆರಿಕದಲ್ಲಿ 1969ರಿಂದ ನಡೆದ ಡಾರ್ಪ್ ಎಂಬ ವ್ಯಾಪಕ ಅಧ್ಯಯನದಲ್ಲಿ, 90 ದಿನಗಳೊಳಗೆ ಚಿಕಿತ್ಸೆ ಬಿಟ್ಟುಹೋದವರ ಸ್ಥಿತಿ ಕೇವಲ ನಿರ್ವಿಷೀಕರಣ ಪಡೆದವರದಕ್ಕಿಂತ ಹೆಚ್ಚು ಉತ್ತಮವಾಗಿರಲಿಲ್ಲ. ಅದನ್ನು ಮೀರಿದವರಲ್ಲಿ ಅವಧಿ ಹೆಚ್ಚಿದಂತೆ ಮಾದಕ ಸೇವನೆ ಮತ್ತು ಅಪರಾಧಗಳು ತಗ್ಗಿ, ದುಡಿಮೆ ಹೆಚ್ಚಿತು. ಈ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಹೆಚ್ಚು ಕಾಲ ಉಳಿಯುವವರು ಮೊದಲಿನಿಂದಲೂ ಹೆಚ್ಚು ಸಂಕಲ್ಪವುಳ್ಳವರಾಗಿರಬಹುದು. ಲಂಡನ್ನಿನಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಸಂಗಡಿಗರು 1977ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ 100 ಮಂದಿ ವಿವಾಹಿತ ಮದ್ಯವ್ಯಸನಿ ಪುರುಷರನ್ನು ಎರಡು ಗುಂಪುಗಳಾಗಿಸಿ, ಒಂದಕ್ಕೆ ಒಂದೇ ಬಾರಿಯ ಸಲಹೆಯನ್ನೂ ಇನ್ನೊಂದಕ್ಕೆ ತಿಂಗಳುಗಟ್ಟಲೆ ಚಿಕಿತ್ಸೆಯನ್ನೂ ನೀಡಿದಾಗ, ವರ್ಷದ ಕೊನೆಗೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದ್ದರಿಂದ ದೀರ್ಘ ವಾಸ್ತವ್ಯ ಎಲ್ಲರಿಗೂ ಬೇಕಾದುದಲ್ಲ. ತೀವ್ರ ಅವಲಂಬನೆ, ಜೊತೆಯಲ್ಲಿ ಮಾನಸಿಕ ಕಾಯಿಲೆ, ಆಸರೆಯಿಲ್ಲದ ಮನೆ, ಮೇಲಿಂದ ಮೇಲೆ ವಿಫಲವಾದ ಚಿಕಿತ್ಸೆ ಇರುವವರಿಗೆ ಅದರ ಪ್ರಯೋಜನ ಹೆಚ್ಚು.

ಅಫೀಮು ವರ್ಗದ ವಸ್ತುಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ತಿಂಗಳುಗಳ ವರ್ಜನೆಯಿಂದ ದೇಹದ ಸಹನಶಕ್ತಿ ಕುಗ್ಗಿರುವುದರಿಂದ, ಹೊರಬಂದ ಬಳಿಕ ಹಳೆಯ ಪ್ರಮಾಣವನ್ನೇ ತೆಗೆದುಕೊಂಡವರು ಉಸಿರಾಟ ನಿಂತು ಸಾಯಬಹುದು. ಇಂಥವರಿಗೆ ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಔಷಧಿಯನ್ನು ಮುಂದುವರಿಸದೆ ಕೇವಲ ವಾಸ್ತವ್ಯವನ್ನು ನೆಚ್ಚುವುದು ಅಪಾಯಕರ.

ಭಾರತದಲ್ಲಿ ಚೆನ್ನೈಯ ಟಿ.ಟಿ.ಕೆ. ಆಸ್ಪತ್ರೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಈ ಕ್ಷೇತ್ರದ ಹೆಸರಾಂತ ಸಂಸ್ಥೆಗಳು. ಕರ್ನಾಟಕದ ಹಳ್ಳಿಗಳಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳ ಅವಧಿ ಸುಮಾರು ಒಂದು ವಾರ ಮಾತ್ರವಾದರೂ, ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳ ಮೂಲಕ ಊರಿನಲ್ಲಿಯೇ ಒಟ್ಟಿಗೆ ಇರಿಸುವ ವ್ಯವಸ್ಥೆ ಗಮನಾರ್ಹ. ವಾಸ್ತವ್ಯದ ಕೊರತೆಯನ್ನು ಮುಂದಿನ ಆರೈಕೆ ಒಂದಿಷ್ಟು ತುಂಬಬಲ್ಲದೆಂಬುದಕ್ಕೆ ಇದು ನಿದರ್ಶನ.

ಇಚ್ಛೆಯಿಲ್ಲದವರನ್ನು ಬಲವಂತವಾಗಿ ಕೂಡಿಹಾಕಿ ಅದನ್ನೇ ದೀರ್ಘ ಚಿಕಿತ್ಸೆಯೆಂದು ಕರೆಯುವ ಕೇಂದ್ರಗಳೂ ಇಲ್ಲದಿಲ್ಲ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದ್ದು, ಅದರ ಪ್ರಕಾರ ಇಂಥ ಕೇಂದ್ರಗಳು ನೋಂದಣಿಯಾಗಿರಬೇಕು. ಸ್ವತಃ ಒಪ್ಪಿಗೆ ನೀಡಲಾರದ ಸ್ಥಿತಿಯಲ್ಲಿರುವವರನ್ನು ನಾಮನಿರ್ದೇಶಿತ ಪ್ರತಿನಿಧಿಯ ಕೋರಿಕೆಯ ಮೇಲೆ ಮೊದಲಿಗೆ 30 ದಿನಗಳವರೆಗೆ ಮಾತ್ರ ದಾಖಲಿಸಿಕೊಳ್ಳಬಹುದು, ಅದಕ್ಕೂ ಹೆಚ್ಚು ಕಾಲ ಉಳಿಸಿಕೊಳ್ಳಲು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಬೇಕು.