ಬಚ್ಚಲ ಹಿಂದಿನ ಟೊಮೇಟೊ ಗಿಡ

ಮೂರೂವರೆ ದಶಕ ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ಟೊಮೇಟೊ ಹಣ್ಣಿನ ಚರಿತ್ರೆಯನ್ನು ಹೇಳಲು ಆಕಾಶವಾಣಿಗೆ ಬಂದು ಕುಳಿತಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಿವೃತ್ತಿಯ ನಂತರ ನಾನು ಅತ್ಯಂತ ಶ್ರದ್ಧೆಯಿಂದ ಓದಿದ ಗ್ರಂಥ ಯಾವುದೆಂದು ಕೇಳಿದರೆ, ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿರುವ ಹತ್ತು ಅಡಿ ಉದ್ದದ ಒಂದು ಪಾತಿ ಎಂದೇ ಹೇಳಬೇಕಾಗುತ್ತದೆ. ಆ ಗ್ರಂಥದಲ್ಲಿ ಎರಡು ವರ್ಷ ಅನುತ್ತೀರ್ಣನಾದೆ. ಮೂರನೆಯ ವರ್ಷ ತೇರ್ಗಡೆಯಾದದ್ದು ಚರಿತ್ರೆಯ ನೆರವಿನಿಂದ ಮತ್ತು ನನ್ನ ತಾಯಿಯ ಒಂದು ಗಿಡದ ನೆನಪಿನಿಂದ.

1960ರ ದಶಕದ ಕೊನೆಯಲ್ಲಿ ನಮ್ಮ ಹಳ್ಳಿಯ ಮನೆಯ ಅಡುಗೆಮನೆಗೆ ಟೊಮೇಟೊ ಪ್ರವೇಶವಿರಲಿಲ್ಲ. ‘ಮಾಂಸದ ಬಣ್ಣ, ರಕ್ತದಂಥ ರಸ, ಅದನ್ನು ಒಲೆಯ ಹತ್ತಿರ ತರಬೇಡಿ’ ಎಂಬುದು ಅಜ್ಜಿಯ ಅಪ್ಪಣೆ. ಅಜ್ಜಿಯ ಮಾತನ್ನು ಮೀರುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಪ್ಪೊತ್ತಿನ ಊಟದಲ್ಲಿ ದಿನ ನೂಕುತ್ತಿದ್ದ ನನ್ನ ಅಮ್ಮನಿಗಂತೂ ಇರಲೇ ಇಲ್ಲ. ಆದರೂ ಬಚ್ಚಲುಮನೆಯ ಹಿಂದೆ ಅವಳು ಒಂದು ಟೊಮೇಟೊ ಗಿಡವನ್ನು ಬೆಳೆಸಿದ್ದಳು. ಹಣ್ಣನ್ನು ಹೆಚ್ಚಿ, ಉಪ್ಪು ಸವರಿ, ಹಿತ್ತಿಲ ಜಗಲಿಯ ಮೇಲೆ ನನಗೆ ಕೊಡುತ್ತಿದ್ದಳು. ತಾನು ತಿನ್ನುತ್ತಿರಲಿಲ್ಲ. ‘ಹೇಗಿದೆ ಹೇಳು’ ಎಂದು ಮಾತ್ರ ಕೇಳುತ್ತಿದ್ದಳು.

ಅಜ್ಜಿಯ ಶಂಕೆಯನ್ನು ಅಜ್ಞಾನವೆಂದು ನಾನು ಬಹುಕಾಲ ತಿಳಿದಿದ್ದೆ. ಚರಿತ್ರೆಯನ್ನು ಓದಿದ ಮೇಲೆ, ಅವಳ ಪಕ್ಷದಲ್ಲಿ ದೊಡ್ಡ ದೊಡ್ಡ ಪಂಡಿತರೇ ಇದ್ದರೆಂದು ತಿಳಿಯಿತು. ಟೊಮೇಟೊವಿನ ಮೂಲ ಬಂಧುಗಳು ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನ ಪೆರು ಮತ್ತು ಎಕ್ವೆಡಾರ್ ದೇಶಗಳಲ್ಲಿ ಇಂದಿಗೂ ಕಾಡುಗಿಡಗಳಾಗಿ ಬೆಳೆಯುತ್ತವೆ. ಅವುಗಳಲ್ಲಿ ಒಂದರ ಹಣ್ಣು ನಮ್ಮ ಕಾಕಿಹಣ್ಣಿನಷ್ಟೇ ಸಣ್ಣದು. ಅದನ್ನು ಸಾಕಿ, ಸಲಹಿ, ದೊಡ್ಡ ಹಣ್ಣಿನ ಬೆಳೆಯನ್ನಾಗಿ ಮಾಡಿದ ಕೀರ್ತಿ ಮೆಕ್ಸಿಕೋ ಪ್ರದೇಶದ ಜನರದು. ಹೆಸರೂ ಅವರ ನಹ್ವಾಟಲ್ ಭಾಷೆಯ ‘ಟೊಮಾಟ್ಲ್’ ಎಂಬುದರಿಂದ ಬಂದದ್ದು. 1521ರಲ್ಲಿ ಸ್ಪೇನಿನ ಕೋರ್ಟೆಸ್ ಆಸ್ಟೆಕರ ರಾಜಧಾನಿಯನ್ನು ಗೆದ್ದ ಮೇಲೆ ಈ ಗಿಡ ಸಾಗರವನ್ನು ದಾಟಿ ಯೂರೋಪಿಗೆ ಬಂದಿತು. ಇಟಲಿಯ ಮತ್ತಿಯೋಲಿ ಎಂಬ ವೈದ್ಯ 1544ರಲ್ಲಿ ಅದನ್ನು ಬದನೆಯ ಬಂಧುವಾಗಿ ವರ್ಣಿಸಿದ. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಸಸ್ಯಗ್ರಂಥದಲ್ಲಿ, ಸ್ಪೇನ್ ಮತ್ತು ಇಟಲಿಯವರು ಇದನ್ನು ತಿನ್ನುತ್ತಾರೆಂದು ಒಪ್ಪಿಕೊಂಡೂ, ಗಿಡವೆಲ್ಲ ದುರ್ಗಂಧವೆಂದು ಮೂಗು ಮುರಿದ. ತನ್ನ ತೋಟದಲ್ಲಿಯೇ ಅದನ್ನು ಬೆಳೆಸಿದವನ ಮಾತಿದು! ನನ್ನ ಅಜ್ಜಿಗೂ ಆತನಿಗೂ ಭೇಟಿಯಾಗಿದ್ದರೆ ಒಳ್ಳೆಯ ಸ್ನೇಹವಾಗುತ್ತಿತ್ತು.

ನಮ್ಮ ನಾಡಿಗೆ ಬರೋಣ. ಸುಮಾರು 1025ರಲ್ಲಿ ರಚಿತವಾದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಯೂ ಇದೆ, ವೃಕ್ಷಾಯುರ್ವೇದವೂ ಇದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಯ ವೈಭವವೇ ವೈಭವ. ಆದರೆ ಆ ಕೃತಿಗಳಲ್ಲಿ ಟೊಮೇಟೊ ಇರಲು ಸಾಧ್ಯವೇ ಇಲ್ಲ. ಅದಿನ್ನೂ ಸಾಗರದ ಆಚೆಯ ದಡದಲ್ಲಿತ್ತು. ಮೆಣಸಿನಕಾಯಿಯಂತೆ ಇದೂ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮಲ್ಲಿಗೆ ಬಂದಿತೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಮೆಣಸಿನಕಾಯಿ ನೇರವಾಗಿ ಒಲೆಯ ಬಳಿಗೆ ನಡೆದು ಕರಿಮೆಣಸಿನ ಪೀಠವನ್ನೇ ಆಕ್ರಮಿಸಿದರೆ, ಟೊಮೇಟೊ ಬಾಗಿಲಲ್ಲೇ ನಿಂತಿತು. ಕಾರಣ ಸರಳವೆಂದು ನನಗೆ ತೋರುತ್ತದೆ: ಹುಳಿಗೆ ನಮ್ಮಲ್ಲಿ ಕೊರತೆಯಿರಲಿಲ್ಲ. ಹುಣಸೆ, ನಿಂಬೆ, ಅಮಟೆ, ಮುರುಗಲು, ಮಜ್ಜಿಗೆ ಇಷ್ಟಿರುವಾಗ ಹೊಸ ಹುಳಿಯನ್ನು ಯಾರು ಕರೆದಾರು? ಜಾರ್ಜ್ ವ್ಯಾಟ್ 1889ರಿಂದ ಪ್ರಕಟಿಸಿದ ಭಾರತದ ಆರ್ಥಿಕ ಉತ್ಪನ್ನಗಳ ಕೋಶದಲ್ಲಿಯೂ ಟೊಮೇಟೊ ಮುಖ್ಯವಾಗಿ ಯೂರೋಪಿಯನ್ನರಿಗಾಗಿ ಬೆಳೆಯುವ ಬೆಳೆಯೇ. ಬಂಗಾಳಿಗಳು ಅದನ್ನು ‘ಬಿಲಾತಿ ಬೇಗುನ್’, ಎಂದರೆ ಪರದೇಶದ ಬದನೆ ಎಂದು ಕರೆದರು.

ನಮ್ಮ ಜನ ಅದನ್ನು ‘ಟೊಮೇಟೊ ಹಣ್ಣು’ ಎನ್ನುತ್ತಾರೆ, ತರಕಾರಿಯ ಅಂಗಡಿಯಲ್ಲಿ ಕೊಳ್ಳುತ್ತಾರೆ. ಅಮೆರಿಕದಲ್ಲಿ ಇದೇ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ತರಕಾರಿಗೆ ಆಮದು ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. 1893ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಸಸ್ಯಶಾಸ್ತ್ರದಲ್ಲಿ ಅದು ಹಣ್ಣಾದರೂ ಜನರ ಬಳಕೆಯಲ್ಲಿ ತರಕಾರಿಯೇ ಎಂದು ತೀರ್ಪಿತ್ತಿತು. ನಾವು ಸುಂಕದ ಗೋಜಿಲ್ಲದೆ ಎರಡನ್ನೂ ಒಪ್ಪಿಕೊಂಡಿದ್ದೇವೆ.

ಇನ್ನು ನನ್ನ ಪರಾಭವಗಳ ವೃತ್ತಾಂತ. ಮೊದಲ ವರ್ಷ ಮಳೆಗಾಲದಲ್ಲಿ ಸಸಿಗಳನ್ನು ನೆಟ್ಟೆ. ಹಿಂದಿನ ವರ್ಷ ಬದನೆ ಸೊರಗಿ ಸತ್ತಿದ್ದ ಪಾತಿಯೇ ಖಾಲಿಯಿತ್ತು, ಅದನ್ನೇ ಆರಿಸಿಕೊಂಡೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಸಂಜೆ ಹೊತ್ತು ಎಲೆಗಳ ಮೇಲೆ ಧಾರಾಳವಾಗಿ ನೀರು ಚಿಮುಕಿಸಿ, ಗಿಡಕ್ಕೆ ಸ್ನಾನ ಮಾಡಿಸಿದ ಪುಣ್ಯ ಬಂದಿತೆಂದುಕೊಂಡೆ. ಅರ್ಧ ಗಿಡಗಳು ಹಸುರಾಗಿರುವಂತೆಯೇ ಬಾಡಿ ಬಿದ್ದವು. ಉಳಿದವು ಅಂಗಮಾರಿಗೆ ತುತ್ತಾದವು. ಎರಡನೆಯ ವರ್ಷ ಮಳೆಯ ತಂಟೆಯೇ ಬೇಡವೆಂದು ಬೇಸಿಗೆಗೆ ನೆಟ್ಟು, ಸಾಲದೆಂಬಂತೆ ಕೊಟ್ಟಿಗೆ ಗೊಬ್ಬರವನ್ನು ರಾಶಿ ಸುರಿದೆ. ಗಿಡಗಳು ಪೊದೆಯಂತೆ ಬೆಳೆದವು. ಹೂವೂ ಬಂದಿತು. ಆದರೆ ಬಂದ ಹೂವೆಲ್ಲ ಉದುರಿಹೋಯಿತು. ನೆರೆಮನೆಯವರು ‘ಮೇಷ್ಟ್ರೇ, ಸೊಪ್ಪನ್ನೇ ಹುಳಿ ಮಾಡಬಹುದೇ?’ ಎಂದು ವಿನೋದ ಮಾಡಿದರು.

ಆಗ ನನಗೆ ಹೊಳೆದ ಮಾತು ಇದು: ಒಂದು ಪದದ ಅರ್ಥ ತಿಳಿಯದಿದ್ದರೆ ಅದರ ಮೂಲವನ್ನು ಹುಡುಕಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು, ಗಿಡದ ಮೂಲವನ್ನು ಏಕೆ ಹುಡುಕಲಿಲ್ಲ? ಪೆರು ದೇಶದ ಆ ಕರಾವಳಿ ಒಣನಾಡು. ಬಿಸಿಲು ಧಾರಾಳ, ಮಳೆ ವಿರಳ. ಅಲ್ಲಿಯ ಕುಲದ ಗಿಡಕ್ಕೆ ದಿನಕ್ಕೆ ಆರು ಗಂಟೆಗಾದರೂ ನೇರ ಬಿಸಿಲು ಬೇಕು. ನೀರು ಬೇರಿಗೆ ಬೇಕೇ ಹೊರತು ಎಲೆಗಲ್ಲ. ತೊಯ್ದ ಎಲೆ ಅಂಗಮಾರಿಗೆ ಆಹ್ವಾನ. 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ನಾಶಮಾಡಿ ಮಹಾಕ್ಷಾಮವನ್ನು ತಂದ ಅಂಗಮಾರಿಯೇ ಟೊಮೇಟೊವನ್ನೂ ಕಾಡುತ್ತದೆ. ಎರಡೂ ಒಂದೇ ಕುಲದವು. ಬದನೆ, ಮೆಣಸಿನಕಾಯಿಗಳೂ ಅದೇ ಕುಟುಂಬ. ಆದ್ದರಿಂದ ಬದನೆ ಸೊರಗಿದ ಮಣ್ಣಿನಲ್ಲಿ ಟೊಮೇಟೊವನ್ನು ನೆಡುವುದೆಂದರೆ ರೋಗಿಯ ಹಾಸಿಗೆಯಲ್ಲಿ ತಮ್ಮನನ್ನು ಮಲಗಿಸಿದಂತೆ. ಗೊಬ್ಬರ ಅತಿಯಾದರೆ ಎಲೆ ಹೆಚ್ಚಿ ಕಾಯಿ ಕಡಮೆಯಾಗುತ್ತದೆ. ರಾತ್ರಿಯ ಸೆಕೆ ಹೆಚ್ಚಾದರೆ ಹೂವು ಕಾಯಿಗಟ್ಟದೆ ಉದುರುತ್ತದೆ.

ಮೂರನೆಯ ವರ್ಷ ದೀಪಾವಳಿ ಕಳೆದ ಮೇಲೆ, ಹೊಸ ಜಾಗದಲ್ಲಿ ನೆಟ್ಟೆ. ಬಿಳಿನೊಣ ಎಲೆಮುಟುರು ರೋಗವನ್ನು ತರುತ್ತದೆಂದು ತಿಳಿದು ಸಸಿಮಡಿಗೆ ತೆಳುಬಟ್ಟೆಯ ಪರದೆ ಕಟ್ಟಿದ್ದೆ. ಟೊಮೇಟೊವಿನ ಕಾಂಡ ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಆದ್ದರಿಂದ ಕೆಳಗಿನ ಎಲೆಗಳನ್ನು ಚಿವುಟಿ ಸಸಿಯನ್ನು ಆಳವಾಗಿ ನೆಟ್ಟೆ. ಕೋಲು ನಿಲ್ಲಿಸಿ ಸಡಿಲವಾಗಿ ಕಟ್ಟಿದೆ. ಹೂಬಿಟ್ಟಾಗ ಬೆಳಗಿನ ಹೊತ್ತು ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಈ ಹೂವಿನ ಪರಾಗ ಅಲುಗಿದರೆ ಮಾತ್ರ ಚೆನ್ನಾಗಿ ಉದುರುತ್ತದೆ. ಮೊದಲ ಕಾಯಿಗಳ ತಳ ಕಪ್ಪಾದಾಗ ಗಾಬರಿಯಾದೆ. ಒಂದು ದಿನ ಅತಿ, ಮೂರು ದಿನ ಇಲ್ಲ ಎಂಬಂತೆ ನೀರು ಹಾಕಿದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪದೆ ಹೀಗಾಗುತ್ತದೆ. ನೀರನ್ನು ಕ್ರಮಪಡಿಸಿದೆ; ಮುಂದಿನ ಕಾಯಿಗಳು ಸರಿಹೋದವು.

ಆ ದಿನ ಪಾತಿಯ ಪಕ್ಕದಲ್ಲಿ ಕುಳಿತಿದ್ದಾಗ ಅಮ್ಮನ ಗಿಡ ನೆನಪಾಯಿತು. ದಿನವೂ ತಪ್ಪದೆ, ಹೆಚ್ಚೂ ಕಡಮೆಯೂ ಇಲ್ಲದೆ ಬುಡಕ್ಕೆ ಹರಿದುಬರುತ್ತಿದ್ದ ಬಚ್ಚಲ ನೀರು. ಹಂಡೆಯ ಒಲೆಯ ಬೂದಿ. ಬೆಳಗಿನಿಂದ ಬಿಸಿಲು ಬೀಳುವ ಗೋಡೆ. ಒರಗಿಕೊಳ್ಳಲು ಅವರೆಯ ಚಪ್ಪರ. ಅದು ತಾನಾಗಿ ಬೆಳೆದ ಗಿಡವೆಂದು ನಾನು ಅದುವರೆಗೆ ನಂಬಿದ್ದೆ. ಪುಸ್ತಕಗಳನ್ನು ತಿರುವಿ ಮೂರು ವರ್ಷದಲ್ಲಿ ನಾನು ಕಲಿತದ್ದನ್ನು ಅವಳು ಕಣ್ಣಿನಿಂದಲೇ ಕಲಿತಿದ್ದಳು. ತಾನು ತಿನ್ನದ ಹಣ್ಣಿಗಾಗಿ ಕಲಿತಿದ್ದಳು.

ಇಷ್ಟರಲ್ಲಿ ನಾಡು ಬದಲಾಗಿತ್ತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಲ್ಲಿ ಸ್ಥಾಪಿತವಾಗಿ, ಕಾಲಕ್ರಮದಲ್ಲಿ ‘ಅರ್ಕಾ’ ಹೆಸರಿನ ತಳಿಗಳನ್ನು ನೀಡಿತು. ಅವುಗಳಲ್ಲಿ ‘ಅರ್ಕಾ ರಕ್ಷಕ್’ ಎಲೆಮುಟುರು, ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಾಳಬಲ್ಲದು. ಕೋಲಾರದ ಟೊಮೇಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು. 2023ರ ಜುಲೈನಲ್ಲಿ ಬೆಲೆ ಕಿಲೋಗೆ ನೂರು ರೂಪಾಯಿಯನ್ನು ದಾಟಿದಾಗ, ಟೊಮೇಟೊ ಇಲ್ಲದ ಸಾರು ಸಾರೇ ಅಲ್ಲವೆಂಬಂತೆ ಮನೆಮನೆಯಲ್ಲಿ ಗೋಳಾಟ. ಅದರಲ್ಲಿ ನಮ್ಮ ಅಜ್ಜಿಯ ಮೊಮ್ಮಕ್ಕಳ ದನಿಯೂ ಇತ್ತು.

ಒಂದು ಕಡೆ ಮಾತ್ರ ಹಳೆಯ ಕಾಲ ಉಳಿದುಕೊಂಡಿದೆ. ಪುರಿ ಜಗನ್ನಾಥನ ನೈವೇದ್ಯಕ್ಕೆ ಟೊಮೇಟೊ ಸಲ್ಲದು. ನಮ್ಮ ಹಲವು ಮನೆತನಗಳ ಶ್ರಾದ್ಧದ ಅಡುಗೆಗೂ ಸಲ್ಲದು. ಅಲ್ಲಿ ಮೆಣಸಿನಕಾಯಿಗೆ ಬದಲಾಗಿ ಇಂದಿಗೂ ಕರಿಮೆಣಸು. ಸಾಗರದ ಆಚೆಯ ಬೆಳೆಗಳು ಬರುವುದಕ್ಕೆ ಮುಂಚಿನ ಅಡುಗೆಮನೆಯನ್ನು ನೋಡಬೇಕಾದರೆ ಶ್ರಾದ್ಧದ ಎಲೆಯನ್ನು ನೋಡಬೇಕು.

ನನ್ನ ತಾಯಿಯ ತಿಥಿ ಮಾಘಮಾಸದಲ್ಲಿ. ಆ ವರ್ಷ ಅಂದೇ ಪಾತಿಯ ತುಂಬ ಹಣ್ಣು ಕೆಂಪಗೆ ತೂಗುತ್ತಿತ್ತು. ಅಡುಗೆಯವರು ಹಿತ್ತಿಲನ್ನು ನೋಡಿ, ‘ಇವತ್ತು ಇದು ಒಳಗೆ ಬೇಡ, ಸ್ವಾಮಿ’ ಎಂದರು. ನಾನು ವಾದಿಸಲಿಲ್ಲ. ಅವಳೂ ವಾದಿಸಿದವಳಲ್ಲ. ಊಟವೆಲ್ಲ ಮುಗಿದ ಮೇಲೆ, ಮಧ್ಯಾಹ್ನ ಇಳಿದು, ನೆರೆಮನೆಯ ಮಕ್ಕಳನ್ನು ಕರೆದೆ. ಹಣ್ಣುಗಳನ್ನು ಹೆಚ್ಚಿ, ಉಪ್ಪು ಸವರಿ, ಹಿತ್ತಿಲ ಮೆಟ್ಟಿಲ ಮೇಲೆ ಕೂರಿಸಿ ಕೊಟ್ಟೆ.

‘ಹೇಗಿದೆ ಹೇಳಿ’ ಎಂದು ಕೇಳಿದೆ.